ಬಟನ್ ಒತ್ತಿ ಎರಡು ನಿಮಿಷ ಕಾದರೂ ಲಿಫ್ಟ್ ಇಲ್ಲ, ಮೋಟಾರ್ ಬದಲಿಸಿದರೆ ಸರಿ ಆಗುತ್ತದಾ?

ಬಿಜೈ ಏಳನೇ ಫ್ಲೋರ್:
ನಮ್ಮದು ಮಂಗಳೂರಿನ ಬಿಜೈಯಲ್ಲಿ ಗ್ರೌಂಡ್ ಬಿಟ್ಟು 10 ಫ್ಲೋರ್‌ನ ಅಪಾರ್ಟ್‌ಮೆಂಟ್. ಅಕ್ಕಪಕ್ಕ ಎರಡು ಲಿಫ್ಟ್ ಉಂಟು. ಎರಡೂ 8 ಜನರದ್ದು, 544 ಕೆಜಿ, ವೇಗ ಸೆಕೆಂಡಿಗೆ 1 ಮೀಟರ್. ಮಧ್ಯಾಹ್ನ ಏನೂ ತೊಂದರೆ ಇಲ್ಲ. ಬೆಳಿಗ್ಗೆ 8ರಿಂದ 8.45ರ ತನಕ, ಶಾಲೆ ವ್ಯಾನ್ ಬರುವ ಹೊತ್ತಿಗೆ, ನಿಂತು ನಿಂತು ಸಾಕಾಗುತ್ತದೆ. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ, ಗೋಡೆ ಹಿಡಿದು ನಿಂತಿರುತ್ತಾರೆ. ಸೋಮವಾರ ಮೊಬೈಲಿನಲ್ಲಿ ಟೈಮ್ ನೋಡಿದೆ: ಬಟನ್ ಒತ್ತಿ ಬಾಗಿಲು ತೆರೆಯಲು 1 ನಿಮಿಷ 50 ಸೆಕೆಂಡ್. ಅದಕ್ಕಿಂತ ಬೇಸರ ಏನೆಂದರೆ ಎರಡು ಲಿಫ್ಟೂ ಒಟ್ಟಿಗೇ ಬಂದು ನಿಂತವು. ಅಸೋಸಿಯೇಷನ್‌ನಲ್ಲಿ ಈಗ ಸೆಕೆಂಡಿಗೆ 1.5 ಮೀಟರಿನ ಮೋಟಾರ್ ಹಾಕಿಸುವ ಮಾತು ನಡೆದಿದೆ, ಪ್ರತಿ ಮನೆಯಿಂದ ದುಡ್ಡು ಎತ್ತಬೇಕು. ಗೊತ್ತಿದ್ದವರು ಹೇಳಿ, ಇದರಿಂದ ನಿಜವಾಗಿ ಉಪಯೋಗ ಉಂಟಾ?

ಮಣಿಪಾಲದ ಲಿಫ್ಟ್ ಕೆಲಸದವ:
ದುಡ್ಡು ಕೊಡುವ ಮೊದಲು ಸ್ವಲ್ಪ ನಿಲ್ಲಿ ಮಾರಾಯ್ರೆ. ನಾನು 18 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಲೆಕ್ಕ ಹಾಕಿಯೇ ಹೇಳುತ್ತೇನೆ. ಒಂದು ಫ್ಲೋರ್ 3 ಮೀಟರ್ ಅಂದರೆ ಗ್ರೌಂಡಿನಿಂದ ನಿಮ್ಮ ಏಳನೇ ಫ್ಲೋರಿಗೆ 21 ಮೀಟರ್. ಈಗಿನ ವೇಗದಲ್ಲಿ ಎಲ್ಲೂ ನಿಲ್ಲದೆ ಬಂದರೆ ಸುಮಾರು 23-24 ಸೆಕೆಂಡ್ ಸಾಕು. 1.5 ಮಾಡಿದರೆ ಉಳಿಯುವುದು ಆರೇಳು ಸೆಕೆಂಡ್. ಅದೂ ಎಲ್ಲೂ ನಿಲ್ಲದಿದ್ದರೆ. ಒಂದೊಂದು ಫ್ಲೋರಿಗೆ ನಿಲ್ಲುವ ಲಿಫ್ಟ್ ಆ ವೇಗ ಮುಟ್ಟುವ ಮೊದಲೇ ಬ್ರೇಕಿಗೆ ಬಂದಿರುತ್ತದೆ.

ಹಾಗಾದರೆ 1 ನಿಮಿಷ 50 ಸೆಕೆಂಡ್ ಎಲ್ಲಿ ಹೋಯಿತು? ಬಾಗಿಲಿನಲ್ಲಿ. ತೆರೆಯಲು 3, ತೆರೆದು ನಿಲ್ಲಲು 5, ಮುಚ್ಚಲು 3, ಅಲ್ಲಿಗೆ 11 ಸೆಕೆಂಡ್. ನಿಧಾನ ಆಗಿ ನಿಂತು ಪುನಃ ಹೊರಡುವುದಕ್ಕೆ ಇನ್ನೆರಡು ಮೂರು. ದಾರಿಯಲ್ಲಿ ಐದು ಕಡೆ ನಿಂತರೆ ಒಂದು ನಿಮಿಷ ಅಲ್ಲೇ ಮುಗಿಯಿತು. ಮೋಟಾರ್ ಎಷ್ಟೇ ದೊಡ್ಡದಿರಲಿ, ಆ ನಿಮಿಷ ವಾಪಸ್ ಬರುವುದಿಲ್ಲ.

ಎರಡೂ ಒಟ್ಟಿಗೆ ಬರುವುದಕ್ಕೆ ಕಾರಣ ಬೇರೆ. ಎರಡಕ್ಕೂ ಬೇರೆ ಬೇರೆ ಬಟನ್ ಅಲ್ವಾ? ಒಂದರ ಕಂಟ್ರೋಲರಿಗೆ, ಅಂದರೆ ಲಿಫ್ಟನ್ನು ನಡೆಸುವ ಪೆಟ್ಟಿಗೆಗೆ, ಇನ್ನೊಂದರ ಸುದ್ದಿ ಇಲ್ಲ. ಜನ ಎರಡನ್ನೂ ಒತ್ತುತ್ತಾರೆ, ಮೊದಲು ಬಂದದ್ದಕ್ಕೆ ಹತ್ತುತ್ತಾರೆ, ಇನ್ನೊಂದು ಲಿಫ್ಟ್ ಯಾರೂ ಇಲ್ಲದ ಫ್ಲೋರಿಗೆ ಬಂದು ಬಾಗಿಲು ತೆರೆದು ಯಾರಿಗೋ ಕಾಯುತ್ತದೆ. ಇದಕ್ಕೆ ಡ್ಯುಪ್ಲೆಕ್ಸ್ ಮಾಡಬೇಕು. ಎರಡು ಕಂಟ್ರೋಲರನ್ನು ಕೇಬಲ್‌ನಿಂದ ಜೋಡಿಸಿದರೆ ಒಂದು ಕರೆಗೆ ಯಾವುದು ಬೇಗ ತಲುಪುತ್ತದೋ ಅದು ಮಾತ್ರ ಬರುತ್ತದೆ. ಎರಡೂ ಒಂದೇ ಕಂಪನಿಯ, ಒಂದೇ ಮಾದರಿಯ ಕಂಟ್ರೋಲರ್ ಆಗಿದ್ದರೆ ಸುಲಭ. ಇಲ್ಲದಿದ್ದರೆ ಕಂಟ್ರೋಲರ್ ಬದಲಿಸಬೇಕಾದೀತು. ಮೊದಲು ಇದನ್ನು ಕೇಳಿ.

ಇನ್ನೊಂದು, ಲಿಫ್ಟ್ ಕಾದು ನಿಲ್ಲುವ ಪಾರ್ಕಿಂಗ್ ಫ್ಲೋರ್. ಕೆಲಸ ಇಲ್ಲದಾಗ ಎರಡೂ ಗ್ರೌಂಡಿಗೆ ಹೋಗಿ ನಿಲ್ಲುವ ಹಾಗೆ ಇಟ್ಟಿರುತ್ತಾರೆ. ಬೆಳಿಗ್ಗೆ ಇಳಿಯುವವರೇ ಜಾಸ್ತಿ, ಹಾಗಾಗಿ ಒಂದು ಲಿಫ್ಟ್ ಏಳಕ್ಕೋ ಎಂಟಕ್ಕೋ ನಿಲ್ಲಲಿ. ಸಂಜೆ ಎರಡೂ ಕೆಳಗೆ. ಟೈಮ್ ಹಾಕಿ ಬದಲಿಸುವ ಸೌಲಭ್ಯ ಈಗಿನ ಎಷ್ಟೋ ಕಂಟ್ರೋಲರ್‌ಗಳಲ್ಲಿ ಉಂಟು.

ಉಡುಪಿ ಹಳೆ ಬಿಲ್ಡಿಂಗ್:
ನಿಮಗೆ ಬಾಗಿಲು ತಾನಾಗಿ ಮುಚ್ಚುತ್ತದಲ್ಲ, ಅದೇ ಪುಣ್ಯ. ನಮ್ಮಲ್ಲಿ ಎಳೆಯುವ ಗ್ರಿಲ್ ಬಾಗಿಲು. ನಾಲ್ಕರಲ್ಲಿ ಯಾರೋ ಸರಿ ಎಳೆಯದೆ ಹೋದರೆ ಲಿಫ್ಟ್ ಅಲ್ಲೇ, ಕೆಳಗಿನಿಂದ ಕೂಗಿ "ಬಾಗಿಲು ಹಾಕಿ" ಅನ್ನಬೇಕು. ನನ್ನದೊಂದು ಪ್ರಶ್ನೆ: ನಿಲ್ಲುವ ಮೊದಲು ನಮ್ಮ ಲಿಫ್ಟ್ ಒಂದು ಅಡಿ ದೂರದಿಂದ ತೆವಳುತ್ತಾ ಬರುತ್ತದೆ, ಅದು ಹಾಗೆಯೇ ಇರಬೇಕಾ?

ಮಣಿಪಾಲದ ಲಿಫ್ಟ್ ಕೆಲಸದವ:
ಹಳೆ ಎರಡು ಸ್ಪೀಡಿನ ಮೋಟಾರ್ ಇರಬೇಕು. ಫ್ಲೋರಿಗೆ ಸಮ ನಿಲ್ಲಲಿ ಅಂತ ಕೊನೆಗೆ ಸಣ್ಣ ವೇಗಕ್ಕೆ ಇಳಿಯುತ್ತದೆ. ಅದು ಸ್ವಲ್ಪ ಬೇಕು, ಇಲ್ಲದಿದ್ದರೆ ಹೊಸ್ತಿಲು ಮೇಲೆ ಕೆಳಗೆ ಆಗಿ ಜನ ಎಡವುತ್ತಾರೆ. ಆದರೆ ತುಂಬ ಮೊದಲೇ ಇಳಿದರೆ ನಿಂತಲ್ಲೆಲ್ಲ ನಾಲ್ಕೈದು ಸೆಕೆಂಡ್ ಸುಮ್ನೆ ಹೋಗುತ್ತದೆ. ಮೆಕ್ಯಾನಿಕ್ ಹತ್ತಿರ ಆ ದೂರ ನೋಡಲು ಹೇಳಿ. ನೀವು ಮಾತ್ರ ಮುಟ್ಟಬೇಡಿ.

ಕದ್ರಿ ಸೆಕ್ರೆಟರಿ:
ನಾನು ಮೂರು ವರ್ಷ ಅಸೋಸಿಯೇಷನ್ ಕೆಲಸ ನೋಡಿದವ. ನಮ್ಮಲ್ಲಿ ಮೇಲೆ ಕೆಳಗೆ ಎರಡು ಬಾಣದ ಬಟನ್ ಇದ್ದವು. ಲಿಫ್ಟ್ ಗ್ರೌಂಡಿನಲ್ಲಿದೆ, ತಾನು ಐದರಲ್ಲಿದ್ದೇನೆ, ಹಾಗಾಗಿ ಅದನ್ನು "ಮೇಲೆ" ಕರೆಯಬೇಕು ಅಂತ ಎಷ್ಟೋ ಜನ ಮೇಲಿನ ಬಾಣ ಒತ್ತುತ್ತಿದ್ದರು! ಬಾಣ ಲಿಫ್ಟಿಗೆ ಅಲ್ಲ, ನೀವು ಹೋಗುವ ಕಡೆಗೆ. ಎರಡೂ ಒತ್ತಿದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎರಡು ಸಲ ನಿಲ್ಲುತ್ತದೆ. ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಫ್ಲೋರಿಗೆ ಅಂಟಿಸಿದೆವು. ಮಳೆಗಾಲದಲ್ಲಿ ಇನ್ನೊಂದು ನೋಡಿ, ಕೊಡೆಯ ನೀರು, ಚಪ್ಪಲಿಯ ಕೆಸರು ಬಾಗಿಲಿನ ಕೆಳಗಿನ ಸಂದಿಯಲ್ಲಿ ತುಂಬಿ ಬಾಗಿಲು ಮುಚ್ಚಲು ಹೋಗಿ ಪುನಃ ತೆರೆಯುತ್ತದೆ. ಕ್ಲೀನಿಂಗಿನವರಿಗೆ ದಿನಾ ಹಳೆ ಬ್ರಶ್‌ನಲ್ಲಿ ಆ ಸಂದಿ ಉಜ್ಜಲು ಹೇಳಿ, ಬಾಗಿಲಿನ ಅಂಚಿನ ಸೆನ್ಸರ್ ಪಟ್ಟಿಯನ್ನು ಒಣ ಬಟ್ಟೆಯಲ್ಲಿ ಒರೆಸಲಿ.

ಮಣಿಪಾಲದ ಲಿಫ್ಟ್ ಕೆಲಸದವ:
ಸೆಕ್ರೆಟರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಬಾಗಿಲು ನಿಲ್ಲುವ ಟೈಮನ್ನು ತೀರಾ ಕಡಿಮೆ ಮಾಡಿಸಬೇಡಿ, ಅಮ್ಮನಂಥವರಿಗೆ ಹತ್ತಲು ಸಮಯ ಬೇಕು. ಒಳಗಿನ ಬಟನ್‌ಗೆ ನಿಲ್ಲುವಾಗ ಸ್ವಲ್ಪ ಕಡಿಮೆ, ಹೊರಗಿನ ಕರೆಗೆ ನಿಲ್ಲುವಾಗ ಸ್ವಲ್ಪ ಜಾಸ್ತಿ ಇಡಲು ಆಗುತ್ತದಾ ಕೇಳಿ.

ಬಿಜೈ ಏಳನೇ ಫ್ಲೋರ್:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಎಎಂಸಿಯ (ವರ್ಷದ ನಿರ್ವಹಣೆ ಗುತ್ತಿಗೆಯ) ಹುಡುಗ ಬಂದು ಒಂದು ಲಿಫ್ಟನ್ನು ಬೆಳಿಗ್ಗೆ 7ರಿಂದ 9ರ ತನಕ ಎಂಟನೇ ಫ್ಲೋರಿಗೆ ನಿಲ್ಲುವಂತೆ ಇಟ್ಟ, ಖರ್ಚು ಏನೂ ಇಲ್ಲ. ಒಂದರ ಬಾಗಿಲಿನ ಸಂದಿಯಲ್ಲಿ ಮಗುವಿನ ಹೇರ್ ಕ್ಲಿಪ್ ಸಿಕ್ಕಿತು, ಅದರಿಂದಲೇ ಬಾಗಿಲು ಮೂರು ಮೂರು ಸಲ ತೆರೆಯುತ್ತಿದ್ದದ್ದು. ಐದು ದಿನ ಪುನಃ ಟೈಮ್ ನೋಡಿದೆ, 35 ಸೆಕೆಂಡಿನಿಂದ 1 ನಿಮಿಷ 5 ಸೆಕೆಂಡ್ ಒಳಗೆ ಬರುತ್ತಿದೆ. ಅಣ್ಣ, ತುಂಬ ಉಪಕಾರ ಆಯಿತು. ಈಗ ಅಮ್ಮ ಬೀಗ ಹಾಕಿ ತಿರುಗುವಷ್ಟರಲ್ಲಿ ಬಾಗಿಲು ತೆರೆದ ದಿನವೂ ಉಂಟು. ಎರಡು ಕಂಟ್ರೋಲರೂ ಒಂದೇ ಮಾದರಿ ಅಂತ ಹುಡುಗ ಹೇಳಿದ, ಡ್ಯುಪ್ಲೆಕ್ಸ್ ಮಾಡಲು ಎಷ್ಟಾಗುತ್ತದೆ ಅಂತ ಬರೆದು ಕೊಡಲು ಕೇಳಿದ್ದೇವೆ. ಬರುವ ಆದಿತ್ಯವಾರ ಮೀಟಿಂಗ್, ಹೊಸ ಮೋಟಾರಿನ ಮಾತು ಅಲ್ಲಿಯ ತನಕ ನಿಲ್ಲಿಸಿದ್ದಾರೆ.