ಸಹಾಯ ಬೇಕು: ಕಾರವಾರದಿಂದ ಅಗೋಂದ ಬೀಚಿಗೆ ಹೆಂಗೆ ಹೋಗೋದು?

ಎಲ್ರಿಗೂ ನಮಸ್ಕಾರ, ದಕ್ಷಿಣ ಗೋವಾದ ಅಗೋಂದಕ್ಕೆ ಹೋಗಿ ಬಂದವ್ರು ಇದ್ರೆ ಸ್ವಲ್ಪ ಹೇಳಿ. ಜನವರಿಲಿ ನಾನು, ಅಮ್ಮ ಇಬ್ರೇ, ಬೆಂಗಳೂರಿಂದ. ಪಕ್ಕದ ಪಲೋಲೆಂ ಬೀಚಿನ ಗಲಾಟೆ ಬೇಡ, ಅಗೋಂದ ಕಡಲಾಮೆ ಮೊಟ್ಟೆ ಇಡೋ ಜಾಗ, ಅಷ್ಟು ಜನ ಇರಲ್ಲ. ಫ್ಲೈಟ್ ಮಾತ್ರ ಹೇಳ್ಬೇಡಿ, ಹೋದ್ಸಲ ಟಿಕೆಟ್ ಕಮ್ಮಿ ಅಂತ ಮ್ಯಾಪೂ ನೋಡ್ದೆ ಮೋಪಾ ಏರ್‌ಪೋರ್ಟಿಗೆ ಬುಕ್ ಮಾಡ್ಬಿಟ್ಟೆ, ಅದು ಗೋವಾದ ಆ ತುದಿ, ಅಗೋಂದ ಇರೋ ಕಾಣಕೋಣ ತಾಲೂಕು ಈ ತುದಿ, ಉಳಿಸಿದ್ ದುಡ್ಡೆಲ್ಲ ಟ್ಯಾಕ್ಸಿಗೇ ಹೋಯ್ತು.

ಈ ಸಲ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಕಾರವಾರ. ಆಮೇಲೇ ತಲೆನೋವು. ಸ್ಟೇಷನ್ ಇರೋದು ಶಿರವಾಡದಲ್ಲಿ, ಬಸ್ ಬೇಕಂದ್ರೆ ಆಟೋ ಹಿಡಿದು ಪೇಟೆಗೆ ಬರ್ಬೇಕು, ಅಲ್ಲಿಂದ ಕದಂಬ (ಗೋವಾ ಸರ್ಕಾರಿ) ಬಸ್ಸಲ್ಲಿ ಕಾಣಕೋಣದ ಚಾವ್ಡಿ ಪೇಟೆ, ಮತ್ತೆ ಅಲ್ಲಿಂದ ಇನ್ನೊಂದು ಗಾಡಿ. ಅಮ್ಮಂಗೆ ಮಂಡಿ ನೋವು, ಬಸ್ಸಿನ ಮೊದಲ್ನೇ ಮೆಟ್ಲೇ ಕಷ್ಟ, ಅದ್ರ ಮೇಲೆ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಡಬ್ಬಿ ತುಂಬಿದ್ ಬ್ಯಾಗ್ ಯಾರ ಕೈಗೂ ಕೊಡಲ್ಲ.

ಕಾರವಾರ ಸ್ಟೇಷನ್ನಲ್ಲೇ ಕಾದು ಮಡಗಾಂವ್ ಕಡೆ ಪ್ಯಾಸೆಂಜರ್ ಹತ್ತಿ ಕಾಣಕೋಣದಲ್ಲಿ ಇಳಿಯೋದು ವಾಸಿನಾ? ಎಷ್ಟು ಹೊತ್ತು ಕಾಯ್ಬೇಕಾಗುತ್ತೆ? ಕಾಣಕೋಣ ಸ್ಟೇಷನ್ ಹೊರಗೆ ಆಟೋ ಸಿಗುತ್ತಾ, ಅಗೋಂದಕ್ಕೆ ಎಷ್ಟು ಕೇಳ್ತಾರೆ? ಚಾವ್ಡಿಯಿಂದ ಬಸ್ ಇದ್ರೆ ಟೈಮಿಂಗ್ ಗೊತ್ತಿರೋರು ಹಾಕಿ. ಸ್ಕೂಟರ್ ಬಾಡಿಗೆ ತಗೋ ಅನ್ಬೇಡಿ ಪ್ಲೀಸ್, ಅಮ್ಮ ನನ್ ಹಿಂದೆ ಕೂರಲ್ಲ.