ಮಳೆಗಾಲದಲ್ಲೂ ಗೋಲಿ ಓಡಬೇಕಾದರೆ

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ): ನಮಸ್ಕಾರ ಅಣ್ಣ. ಮಗನಿಗೆ ಆರು ವರ್ಷ, ಮಗಳಿಗೆ ಎರಡೂವರೆ. ಮರದ ತುಂಡುಗಳನ್ನು ಜೋಡಿಸಿ ಗೋಲಿ ಉರುಳಿಸುವ ಆಟಿಕೆ, ಮಾರ್ಬಲ್ ರನ್ ಎನ್ನುತ್ತಾರಲ್ಲ, ಅದನ್ನು ಕಳೆದ ಬೇಸಿಗೆಯಲ್ಲಿ ತರಿಸಿದ್ದೆವು. ಆರಿದ್ರೆ ಮಳೆ ಹಿಡಿಯುವಷ್ಟರಲ್ಲಿ ಕೆಲವು ಗೂಟಗಳು ತೂತಿಗೆ ಇಳಿಯದಾದವು, ಮೊದಲೇ ಇಳಿದಿದ್ದವು ಹೊರಗೆ ಬಾರದಾದವು. ಈ ಸಲ ಏನು ನೋಡಿ ಕೊಳ್ಳಬೇಕು?

ಉತ್ತರ (ಸಾಗರದ ಬಡಗಿ, ಆಟಿಕೆ ಮಾಡುವವರು): ಅಕ್ಕ, ಗೂಟ ಮತ್ತು ತೂತಿನ ಸೆಟ್ಟನ್ನು ನಮ್ಮ ಊರುಗಳಲ್ಲಿ ಕೊಳ್ಳಲೇಬೇಡಿ ಎನ್ನುವವನು ನಾನು. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು; ಅಡ್ಡಕ್ಕೆ ಮಾತ್ರ ತೇವ ಕುಡಿದು ದಪ್ಪವಾಗುತ್ತದೆ. ಹೊರದೇಶದ ಸೆಟ್ಟುಗಳು ಹೆಚ್ಚಾಗಿ ಬೀಚ್ ಎಂಬ ಯುರೋಪಿನ ಮರದವು. ಗಟ್ಟಿ ಮರ, ನುಣುಪು ಚೆನ್ನಾಗಿ ಬರುತ್ತದೆ, ಆದರೆ ಹಿಗ್ಗಿ ಕುಗ್ಗುವುದರಲ್ಲಿ ಅದು ಮುಂದು. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂತ ಗೂಟ ಜುಲೈನಲ್ಲಿ ಮೊಂಡು ಹಿಡಿಯುವುದು ಸಹಜ.

ಒಂದರ ಮೇಲೊಂದು ಸುಮ್ಮನೆ ಕೂರುವ ಘನಾಕೃತಿಯ ತುಂಡುಗಳನ್ನು ಆರಿಸಿ. ಸ್ವಿಟ್ಜರ್‌ಲೆಂಡಿನ ಕ್ಯೂಬೊರೊ ಈ ಜಾತಿಯದು: 5 ಸೆಂಟಿಮೀಟರ್‌ನ ಬೀಚ್ ಘನಗಳು, ಮೇಲೆ ಕಾಲುವೆ, ಹೊಟ್ಟೆಯೊಳಗೆ ಸುರಂಗ. ತುಂಡು ಕೂದಲೆಳೆಯಷ್ಟು ಉಬ್ಬಿದರೂ ಸಿಕ್ಕಿಕೊಳ್ಳಲು ಅಲ್ಲಿ ಗೂಟವೇ ಇಲ್ಲ. ಬೆಲೆ ಕೇಳಿದರೆ ಕೈ ಸುಡುತ್ತದೆ. ಅದೇ ಬಗೆಯದನ್ನು ಊರಿನ ಬಡಗಿಯಿಂದಲೂ ಮಾಡಿಸಬಹುದು. ಶಿವನೆ ಅಥವಾ ಚೆನ್ನಾಗಿ ಒಣಗಿದ ಸಾಗುವಾನಿ ಕೇಳಿ, ಇವೆರಡೂ ತೇವಕ್ಕೆ ಅಷ್ಟಾಗಿ ಮಣಿಯುವುದಿಲ್ಲ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ, ಬೇಡ. ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಅಳತೆಗೆ ಬರುವುದಿಲ್ಲ.

ಅಂಗಡಿಯಲ್ಲಿ ಕೈಗೆ ಸಿಕ್ಕರೆ ಮೂರು ನೇರ ತುಂಡುಗಳನ್ನು ಸಾಲಾಗಿ ಇಟ್ಟು, ಒಂದು ತುದಿಗೆ ತೆಳು ಪುಸ್ತಕ ಕೊಟ್ಟು, ಗೋಲಿಯನ್ನು ತಳ್ಳದೆ ಬಿಡಿ. ಜೋರಾಗಿ ಬರುವ ಗೋಲಿ ಎಂಥ ಸಂದನ್ನೂ ಹಾರಿಬಿಡುತ್ತದೆ. ನಿಧಾನದ ಗೋಲಿ ಮಾತ್ರ ಕೆಲಸದ ಹುಳುಕನ್ನು ಹೇಳುತ್ತದೆ. ಸಂದಿನಲ್ಲಿ ನಿಂತರೆ ಸೆಟ್ಟನ್ನು ಅಲ್ಲೇ ಬಿಟ್ಟು ಬನ್ನಿ. ಪೆಟ್ಟಿಗೆಯ ಮೇಲೆ ಗಂಟೆ, ಸುರುಳಿ, ಬುಗುರಿಯ ಚಿತ್ರ ನೋಡಿ ಮರುಳಾಗಬೇಡಿ. ಆರು ವರ್ಷದವನಿಗೆ ಮೂವತ್ತು ನಲವತ್ತು ತುಂಡು ಧಾರಾಳ, ಅದರಲ್ಲಿ ಅರ್ಧಕ್ಕೂ ಹೆಚ್ಚು ಸಾದಾ ನೇರ ಮತ್ತು ತಿರುವಿನ ತುಂಡುಗಳಿರಲಿ. ಸುರಂಗವೇ ಹೆಚ್ಚಿರುವುದು ಎಂಟು ದಾಟಿದವರಿಗೆ, ಏಕೆಂದರೆ ಒಳಗಿನ ದಾರಿಯನ್ನು ಕಾಣದೆಯೇ ಊಹಿಸಬೇಕು.

ಇನ್ನು ಮಗಳ ವಿಷಯ. ಇದರಲ್ಲಿ ಸಡಿಲಿಕೆ ಇಲ್ಲ ಅಕ್ಕ. ಗಾಜಿನ ಗೋಲಿ ಸುಮಾರು 16 ಮಿಲಿಮೀಟರ್. ಮೂರು ವರ್ಷದೊಳಗಿನವರ ಆಟಿಕೆಯಲ್ಲಿ 44.5 ಮಿಲಿಮೀಟರ್ ರಂಧ್ರದಲ್ಲಿ ತೂರುವ ಚೆಂಡೇ ಇರಕೂಡದೆಂದು ಸುರಕ್ಷತೆಯ ಅಳತೆ ಹೇಳುತ್ತದೆ. ಮಗನಿಗೆ ಗೋಲಿಗಳನ್ನು ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ. ಹತ್ತಕ್ಕಿಂತ ಹೆಚ್ಚು ಹೊರಗೆ ಬೇಡ.

ಪ್ರಶ್ನೆ (ಶಿವಮೊಗ್ಗದ ಒಬ್ಬ ತಂದೆ): ಸರ್, ಬಣ್ಣ ಹಚ್ಚಿದ್ದು ಕೊಳ್ಳಬಹುದೇ? ಐಎಸ್‌ಐ ಗುರುತು ಎಲ್ಲದಕ್ಕೂ ಬೇಕೇ?

ಉತ್ತರ: ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಸೂಚಿಕೆ (ಇಂಥ ಊರಿನದೇ ವಿಶೇಷವೆಂಬ ಜಿಐ ಗುರುತು) ಪಡೆದ ವಸ್ತುಗಳಿಗೆ ವಿನಾಯಿತಿ ಇದೆ, ಚನ್ನಪಟ್ಟಣದ ಗೊಂಬೆಗಳು ಹಾಗೆ. ಬಣ್ಣದ ತುಂಡನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಬೇಡ. ಕಾಲುವೆಯೊಳಗೆ ಬಣ್ಣ ಇಲ್ಲದಿರುವುದೇ ಮೇಲು. ಅಲ್ಲಿ ಪದರ ಎದ್ದರೆ ಗೋಲಿ ತೊಡರುತ್ತದೆ.

ಪ್ರಶ್ನೆ (ಹೊಸನಗರದ ನಿವೃತ್ತ ಮೇಷ್ಟ್ರು): ನಮ್ಮ ತೋಟಕ್ಕೆ ಹಿಂದೆ ಅಡಿಕೆ ಮರದ ದಂಬೆಯಲ್ಲೇ, ಅಂದರೆ ಸೀಳಿ ತಿರುಳು ತೆಗೆದ ಕಾಂಡದಲ್ಲೇ, ನೀರು ಬರುತ್ತಿತ್ತು. ಅದರಲ್ಲಿ ಮೊಮ್ಮಕ್ಕಳಿಗೆ ಗೋಲಿ ಓಡಿಸಬಾರದೇಕೆ?

ಉತ್ತರ: ಮೇಷ್ಟ್ರೇ, ಇದು ನನಗೆ ಹೊಳೆಯಬೇಕಿತ್ತು! ಒಂದು ಮೊಳದ ಸೀಳುಗಳನ್ನು ಮಾಡಿ, ಒಳಗಿನ ತಿರುಳನ್ನು ಪೂರ್ತಿ ಕೆರೆದು ತೆಗೆಯಿರಿ. ಅಂಚಿನ ಸಿಬಿರು ಬೆರಳಿಗೆ ಹೊಕ್ಕರೆ ಅಳು ನಿಲ್ಲದು, ಆದ್ದರಿಂದ ಉಪ್ಪು ಕಾಗದದಿಂದ ಎರಡು ಸಲ ತಿಕ್ಕಿ. ಮರದ ಕಾಲುವೆಗೆ ಅಡಿಗೆ ಅರ್ಧ ಇಂಚು ಇಳಿಜಾರು ಸಾಕು, ನಾರಿನ ಈ ದಂಬೆಗೆ ಒಂದು ಇಂಚು ಕೊಡಿ. ಅಂಗಳದ ಜಗಲಿಯಿಂದ ಕೆಳಕ್ಕೆ ಇಳಿಸಿದರೆ ಪೆಟ್ಟಿಗೆಯ ಯಾವ ಸೆಟ್ಟೂ ಅದರ ಮುಂದೆ ನಿಲ್ಲದು.

ಪ್ರಶ್ನೆ (ಮೊದಲಿನ ತಾಯಿ): ಅಣ್ಣ, ಸಿಕ್ಕಿಕೊಂಡಿರುವ ಹಳೆಯ ಸೆಟ್ಟನ್ನು ಬಚ್ಚಲೊಲೆಯ ಹತ್ತಿರ ಇಟ್ಟರೆ ಬಿಟ್ಟುಕೊಳ್ಳುತ್ತದೆಯೇ?

ಉತ್ತರ: ಬೇಡವೇ ಬೇಡ ಅಕ್ಕ. ಹೊಸದರಲ್ಲಿ ನಾನೂ ಹಾಗೆ ಮಾಡಿ ಹನ್ನೆರಡು ತುಂಡುಗಳನ್ನು ಸೀಳು ಬಿಡಿಸಿದ್ದೇನೆ. ಸುತ್ತಿಗೆಯನ್ನೂ ಮುಟ್ಟಬೇಡಿ. ಬೂಷ್ಟು ಹಿಡಿದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಗಾಳಿ ಆಡುವ ಕಡೆ ಇಡಿ. ದೀಪಾವಳಿ ಕಳೆದು ಹವೆ ಒಣಗಿದಾಗ ಗೂಟ ತಾನಾಗಿ ಸಡಿಲವಾಗುತ್ತದೆ. ಆಗ ಪ್ರತಿ ಗೂಟಕ್ಕೂ ಉಪ್ಪು ಕಾಗದವನ್ನು ನಾಲ್ಕು ಸುತ್ತು ಆಡಿಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿಡಿ.