120 ಪುಟದ ಮ್ಯಾನುವಲ್, ವರ್ಡ್‌ನಾಗ ಹೆಂಗ ಮಾಡೂದ್ರಿ? ಅನುಭವ ಇದ್ದವರು ಹೇಳ್ರಿ

ಪ್ರಶ್ನೆ, ಉದ್ಯಮಬಾಗ, ಬೆಳಗಾವಿ:
ನಮ್ಮದು ಹೈಡ್ರಾಲಿಕ್ ಪ್ರೆಸ್ ಮಾಡೋ ಸಣ್ಣ ಶಾಪ್. ಮಷಿನ್ ಜೋಡಿ ಕೊಡಾಕ ಮ್ಯಾನುವಲ್ ಮಾಡು ಅಂದಾರ ಮಾಲಕರು, ಇಂಗ್ಲಿಷ್‌ನಾಗೂ ಬೇಕು, ಕನ್ನಡದಾಗೂ ಬೇಕು. ವರ್ಡ್‌ನಾಗ ಒಂದು ಸಾಲು ಸೇರಿಸಿದ್ರ ಚಿತ್ರ ಎಲ್ಲೋ ಹಾರಿ ಹೋಗತೈತಿ, ಪರಿವಿಡಿ ಮತ್ತ ಮೊದಲಿಂದ ಟೈಪ್ ಮಾಡಬೇಕು. ಬ್ಯಾರೆ ಸಾಫ್ಟ್‌ವೇರ್ ಹಿಡೀಲೇನು?

ಬೆಳಗಾವಿಯಿಂದಾನ, ಮ್ಯಾನುವಲ್ ಬರಿಯೂ ಕೆಲಸದವ:
ಪರಿವಿಡಿ ಕೈಯಿಂದ ಟೈಪ್ ಮಾಡಾಕತ್ತೀರಿ ಅಂದ್ರ ಅಲ್ಲೇ ಗೊತ್ತಾತು ಬಿಡ್ರಿ. ಸಾಫ್ಟ್‌ವೇರ್ ಇರ್ಲಿ. ಎಂಟರ್ ಒತ್ತಿ ಒತ್ತಿ ಮುಂದಿನ ಪುಟಕ್ಕ ಹೋಗೂದು, ಸ್ಪೇಸ್ ಬಡದು ಸಾಲು ಹೊಂದಿಸೂದು, ತಲೆಬರಹಕ್ಕ ಬೋಲ್ಡ್ ಮಾಡಿ 16 ಸೈಜ್ ಇಡೂದು, ಈ ಚಟ ಬಿಡ್ರಿ. ಅಧ್ಯಾಯಕ್ಕ ಹೆಡಿಂಗ್ 1, ಒಳಗಿನದಕ್ಕ ಹೆಡಿಂಗ್ 2 ಸ್ಟೈಲ್ (ಫಾಂಟು, ಸೈಜು, ಅಂತರ ಎಲ್ಲಾ ಒಂದಾ ಹೆಸರಿನಾಗ ಇಟ್ಟಿರೂ ಅಚ್ಚು) ಹಚ್ಚಿದ್ರ ಪರಿವಿಡಿ ಅದಾ ಕಟ್ಟಿ ಕೊಡತೈತಿ. ಹೊಸ ಪುಟದಿಂದ ಶುರು ಆಗಬೇಕು ಅನ್ನೂದನ್ನೂ ಆ ಸ್ಟೈಲ್‌ನಾಗ ಒಮ್ಮೆ ಹೇಳಿದ್ರ ಮುಗೀತು.

ನಾ ಇದನ್ನ ಮಾನ ಕಳ್ಕೊಂಡು ಕಲ್ತೀನಿ. 'ಗಾಳಿ ತೆಗಿಯೂ ಸ್ಕ್ರೂ, ಚಿತ್ರ 14 ನೋಡಿ' ಅಂತ ಕೈಯಿಂದ ಬರ್ದಿದ್ದೆ. ಕಡೀಕ ನಡುವ ಎರಡು ಚಿತ್ರ ತುರುಕಿದ್ವಿ, ಸ್ಕ್ರೂ 16ಕ್ಕ ಹೋತು, ಸಾಲಿನಾಗ 14 ಹಂಗ ಉಳೀತು. ಹೊಸಪೇಟೆ ಗಿರಾಕಿ ಫೋನ್ ಮಾಡಿ, 'ರೀ, 14ರಾಗ ಎಣ್ಣಿ ಟ್ಯಾಂಕ್ ಐತಿ, ಸ್ಕ್ರೂ ಎಲ್ಲಿ ಹುಡುಕ್ಲಿ?' ಅಂದ್ರು. ಅವತ್ತಿಂದ ಚಿತ್ರಕ್ಕ ಇನ್ಸರ್ಟ್ ಕ್ಯಾಪ್ಷನ್ (ಚಿತ್ರದ ನಂಬರ್ ವರ್ಡೇ ಹಾಕತೈತಿ), ಸಾಲಿಗೆ ಕ್ರಾಸ್ ರೆಫರೆನ್ಸ್ (ಆ ನಂಬರಿಗೆ ಕಟ್ಟಿದ ಕೊಂಡಿ). ಪಿಡಿಎಫ್ ಮಾಡೂ ಮೊದಲ ಕಂಟ್ರೋಲ್ ಎ, ಎಫ್9 ಒತ್ತಿ ನಂಬರ್ ಎಲ್ಲಾ ಹೊಸದು ಮಾಡಿ, ಆಮ್ಯಾಲೆ ಕಡತದಾಗ 'ಎರರ್!' ಅನ್ನೂ ಶಬ್ದ ಹುಡುಕ್ತೀನಿ. ಅಳಿಸಿದ ಚಿತ್ರದ ಕಡೆ ಬೆರಳು ತೋರಿಸೂ ಸಾಲು ಇದ್ರ ಅಲ್ಲಿ ಸಿಗತೈತಿ. ಹೆಡರ್, ಟೆಕ್ಸ್ಟ್ ಬಾಕ್ಸ್ ಒಳಗಿನವು ಕಂಟ್ರೋಲ್ ಎಗೆ ಬರೂದಿಲ್ಲ, ಅಲ್ಲಿ ಹೋಗಿ ಬ್ಯಾರೆ ಒತ್ರಿ.

ಚಿತ್ರ ಹಾರೂದಕ್ಕ ಮದ್ದು: 'ಇನ್ ಲೈನ್ ವಿತ್ ಟೆಕ್ಸ್ಟ್' (ಅಕ್ಷರದಂಗ ಸಾಲಿನಾಗ ಕೂಡೂ ಹಂಗ) ಇಡ್ರಿ, ಅದಕ್ಕ ಅದರದೇ ಪ್ಯಾರಾ ಕೊಡ್ರಿ, 'ಕೀಪ್ ವಿತ್ ನೆಕ್ಸ್ಟ್' ಹಾಕ್ರಿ. ಚಿತ್ರ ಒಂದು ಪುಟ, ಅದರ ಹೆಸರು ಇನ್ನೊಂದು ಪುಟ ಆಗೂದಿಲ್ಲ.

ಬಾಗಲಕೋಟೆಯಿಂದ:
ಮ್ಯಾಲಿನವರು ಹೇಳಿದ್ದಕ್ಕ ಹೂಂ. ರೊಕ್ಕದ ಚಿಂತಿ ಇದ್ರ ಲಿಬ್ರೆ ಆಫೀಸ್ ರೈಟರ್ ನೋಡ್ರಿ, ಫುಕಟ ಐತಿ. ಎಫ್11 ಒತ್ತಿದ್ರ ಸ್ಟೈಲ್ ಪಟ್ಟಿ ಬರತೈತಿ. ಬಿಡಿಭಾಗದ ಅಗಲ ಟೇಬಲ್‌ಗೆ ಒಂದು ಪುಟ ಅಡ್ಡ ಮಾಡಬೇಕಂದ್ರ ಅಲ್ಲಿ ಪುಟಕ್ಕೂ ಸ್ಟೈಲ್ ಐತಿ. ವರ್ಡ್‌ನಾಗ ಮುಂದೊಂದು ಹಿಂದೊಂದು ಸೆಕ್ಷನ್ ಬ್ರೇಕ್ (ಕಡತ ಭಾಗ ಮಾಡೂ ಗುರುತು) ಹಾಕಿ, ಫುಟರ್ ಕೆಡಿಸ್ಕೊಂಡು ಕುಂಡ್ರಬೇಕು. ಆದ್ರ ಒಂದು: ಇವತ್ತು ರೈಟರ್, ನಾಳೆ ವರ್ಡ್ ಅಂತ ಒಂದಾ ಕಡತ ಆಕಡೆ ಈಕಡೆ ಓಡಾಡಿಸಬ್ಯಾಡ್ರಿ, ನಂಬರಿಂಗ್ ಹಳ್ಳ ಹಿಡಿತೈತಿ.

ವಿಜಯಪುರ, ಡಿಟಿಪಿ ಅಂಗಡಿ:
ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ಕನ್ನಡ ಟೈಪ್ ಮಾಡೂ 'ನುಡಿ' ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಿನಾಗ (ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ಆಕಾರ ಇಟ್ಟ ಫಾಂಟು) ಬರದ್ರ ಆ ಫಾಂಟ್ ಇಲ್ಲದ ಕಂಪ್ಯೂಟರಿನಾಗ ಅರ್ಥ ಇಲ್ಲದ ಅಕ್ಷರ ಕಾಣತಾವ, ಪಿಡಿಎಫ್‌ನಾಗ ಒಂದು ಶಬ್ದ ಹುಡುಕಾಕೂ ಬರೂದಿಲ್ಲ. ಯೂನಿಕೋಡ್‌ನಾಗೇ (ಕನ್ನಡ ಅಕ್ಷರಕ್ಕ ಅದರದೇ ಸಂಕೇತ ಇರೂ ಪದ್ಧತಿ) ಬರೀರಿ, ನಿರ್ಮಲಾ ಯುಐ ಇಲ್ಲಾ ನೋಟೋ ಸಾನ್ಸ್ ಕನ್ನಡ ಫಾಂಟ್ ಸಾಕು. ಇನ್ನೊಂದು, ಇದಕ್ಕ ನಾ ಎರಡು ದಿನ ತಲಿ ಕೆಡಿಸ್ಕೊಂಡೀನಿ: ಸ್ಟೈಲ್‌ನಾಗ ಫಾಂಟ್ ಬದಲಿಸಿದ್ರ ಇಂಗ್ಲಿಷ್ ಅಷ್ಟೇ ಬದಲಾಗ್ತದ, ಕನ್ನಡ ಅಲ್ಲಾಡೂದಿಲ್ಲ. ಕನ್ನಡಕ್ಕ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಬ್ಯಾರೆ ಖಾನೆ ಅದ. ಫಾಂಟು, ಸೈಜು ಅಲ್ಲಿ ಕೊಡಬೇಕು.

ಇನ್ನೊಬ್ಬರು:
ಲೇಟೆಕ್ (ಕೋಡ್ ಬರದು ಪುಟ ಕಟ್ಟೂ ಸಾಫ್ಟ್‌ವೇರ್) ಕಲೀರಿ. ಇವ್ಯಾವ ತಾಪತ್ರಯಾನೂ ಇಲ್ಲ.

ಬೆಳಗಾವಿಯವ, ಮತ್ತ:
ಸಾಹೇಬ್ರ, ಶನಿವಾರ ಸಂಜೀಕ ಮಾಲಕರು ಒಂದು ಸಾಲು ತಿದ್ದಬೇಕು ಅಂದ್ರ ಅವರಿಗೆ ಲೇಟೆಕ್ ಯಾರು ಕಲಿಸ್ತಾರ?

ಪ್ರಶ್ನೆ ಕೇಳಿದವ:
ಎಲ್ಲಾರಿಗೂ ಶರಣ್ರಿ. ಮೊದಲ ಅಧ್ಯಾಯಕ್ಕ ಸ್ಟೈಲ್ ಹಚ್ಚಿದೆ. ಖಾಲಿ ಎಂಟರ್ ಎಣಿಸಿದ್ರ 212 ಇದ್ದುವು. ಅವೆಲ್ಲಾ ಅಳಿಸಿದ ಮ್ಯಾಲೆ 18 ಪುಟದ ಅಧ್ಯಾಯ 13ಕ್ಕ ಇಳಿದೈತಿ. ಮಾಲಕರು 'ಏನೇನು ತೆಗೆದಿ?' ಅಂತ ಕೇಳಾಕತ್ತಾರ.